ಇಂಪ್ಲಾಂಟ್ ಹಲ್ಲಿಗೆ ಎಷ್ಟಾಗುತ್ತೆ? ಶಿವಮೊಗ್ಗ ಕಡೆಯವರಿಗೊಂದು ಲೆಕ್ಕಾಚಾರ

"ಒಂದು ಹಲ್ಲಿಗೆ ಇಂಪ್ಲಾಂಟ್ ಮಾಡಿಸೋಕೆ ಎಷ್ಟಾಗುತ್ತೆ?" ಹಲ್ಲಿನ ಬಗ್ಗೆ ಏನು ಬರೆದರೂ ಕಡೆಗೆ ಓದುಗರು ಕೇಳುವುದು ಇದನ್ನೇ. ಸಾಗರದವರೊಬ್ಬರು ತಮಗೆ ಹದಿನೆಂಟು ಸಾವಿರ ಹೇಳಿದರು ಅನ್ನುತ್ತಾರೆ, ಭದ್ರಾವತಿಯವರು ನಲವತ್ತು ಅನ್ನುತ್ತಾರೆ, ಬೆಂಗಳೂರಿನಲ್ಲಿ ಮಗನ ಮನೆಗೆ ಹೋಗಿದ್ದವರು ಎಂಬತ್ತು ಸಾವಿರದ ಎಸ್ಟಿಮೇಟ್ ಹಿಡಿದುಕೊಂಡು ಬಂದಿರುತ್ತಾರೆ. ಮೂರೂ ನಿಜವೇ ಇರಬಹುದು. ಒಬ್ಬರಿಗೆ ಹೇಳಿದ್ದು ಬರೀ ಮೂಳೆಯೊಳಗೆ ಕೂರಿಸುವ ಸ್ಕ್ರೂ ರೇಟು, ಇನ್ನೊಬ್ಬರಿಗೆ ಕ್ಯಾಪ್ ಸೇರಿಸಿ, ಮತ್ತೊಬ್ಬರಿಗೆ ಮೂಳೆ ತುಂಬಿಸುವುದನ್ನೂ ಸೇರಿಸಿ.

ಹಾಗಾಗಿ ಕ್ಲಿನಿಕ್‌ನಲ್ಲಿ "ಇಂಪ್ಲಾಂಟ್‌ಗೆ ಎಷ್ಟು?" ಅಂತ ಕೇಳಬೇಡಿ. "ಆ ಹಲ್ಲಲ್ಲಿ ನಾನು ರೊಟ್ಟಿ ಅಗಿಯುವ ದಿನದವರೆಗೆ ಒಟ್ಟು ಎಷ್ಟು?" ಅಂತ ಕೇಳಿ. ಈ ಲೇಖನದ ಉಳಿದ ಭಾಗವೆಲ್ಲ ಆ ಒಟ್ಟು ಮೊತ್ತವನ್ನು ಮುಂಚೆಯೇ ತಿಳಿದುಕೊಳ್ಳುವುದು ಹೇಗೆ ಅನ್ನುವುದರ ಬಗ್ಗೆ. ಇಲ್ಲಿ ಕೊಟ್ಟಿರುವ ಮೊತ್ತಗಳು ನಮ್ಮ ಕಡೆಯ ಊರುಗಳ ಅಂದಾಜು. ಡಾಕ್ಟರಿಂದ ಡಾಕ್ಟರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ.

ಮೊದಲು ಪದಗಳು

ಎಸ್ಟಿಮೇಟ್ ಓದಬೇಕಾದರೆ ಇಷ್ಟು ಗೊತ್ತಿರಲಿ.

ಇಂಪ್ಲಾಂಟ್ ಅಂದರೆ ದವಡೆ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ. ದಪ್ಪ ಸಾಮಾನ್ಯವಾಗಿ ಮೂರೂವರೆಯಿಂದ ಐದು ಮಿಲಿಮೀಟರ್, ಉದ್ದ ಎಂಟರಿಂದ ಹದಿಮೂರು ಮಿಲಿಮೀಟರ್. ಇದು ಹಲ್ಲಲ್ಲ, ಹಲ್ಲಿನ ಬೇರಿನ ಬದಲಿ. ಟೈಟಾನಿಯಂಗೆ ಮೂಳೆ ತಾನಾಗಿ ಅಂಟಿಕೊಂಡು ಬೆಳೆಯುತ್ತದೆ ಅನ್ನುವುದನ್ನು ಕಂಡುಕೊಂಡವರು ಸ್ವೀಡನ್ನಿನ ಬ್ರಾನೆಮಾರ್ಕ್. ಅವರು ಮೊದಲ ರೋಗಿಗೆ ಇದನ್ನು ಹಾಕಿದ್ದು 1965ರಲ್ಲಿ. ಅಂದರೆ ಇದು ನಿನ್ನೆ ಮೊನ್ನೆ ಬಂದ ಪ್ರಯೋಗವಲ್ಲ.

ಸ್ಕ್ರೂ ಮೇಲೆ ಕೂರುವ ಚಿಕ್ಕ ಗೂಟ ಅಬಟ್‌ಮೆಂಟ್. ಅದರ ಮೇಲೆ ಬರುವ, ಹೊರಗೆ ಕಾಣುವ ಹಲ್ಲು ಕ್ಯಾಪ್ ಅಥವಾ ಕ್ರೌನ್. ವಸಡು ಸರಿಯಾದ ಆಕಾರಕ್ಕೆ ಬರಲಿ ಅಂತ ಮಧ್ಯದಲ್ಲಿ ಕೆಲವು ವಾರ ಹಾಕಿಡುವ ಮುಚ್ಚಳ ಹೀಲಿಂಗ್ ಕ್ಯಾಪ್. ಸವೆದುಹೋದ ಜಾಗಕ್ಕೆ ಮೂಳೆಪುಡಿ ತುಂಬುವುದು ಬೋನ್ ಗ್ರಾಫ್ಟ್. ಮೇಲಿನ ದವಡೆಯ ಹಿಂಭಾಗದಲ್ಲಿ, ಮೂಗಿನ ಪಕ್ಕದ ಸೈನಸ್ ಎಂಬ ಗಾಳಿಗೂಡು ಕೆಳಗಿಳಿದಿದ್ದರೆ ಅದರ ಪೊರೆಯನ್ನು ಮೇಲೆತ್ತಿ ಮೂಳೆಗೆ ಜಾಗ ಮಾಡುವುದು ಸೈನಸ್ ಲಿಫ್ಟ್. ಕೊನೆಯ ಎರಡು ಪದ ನಿಮ್ಮ ಎಸ್ಟಿಮೇಟ್‌ನಲ್ಲಿ ಕಂಡರೆ ಮೊತ್ತ ದೊಡ್ಡದಾಗುತ್ತದೆ ಅಂತಲೇ ಅರ್ಥ.

ಹಂತ 1: ಬೇಕೇ ಬೇಕಾ ಅಂತ ಮೊದಲು ನೋಡಿ

ಹಲ್ಲು ಇನ್ನೂ ಬಾಯಲ್ಲೇ ಇದ್ದರೆ, ಉಳಿಸಿಕೊಳ್ಳಲು ಆಗುತ್ತದಾ ಅಂತ ಕೇಳಿ. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿಸಿದರೆ ಇಂಪ್ಲಾಂಟ್‌ಗಿಂತ ಎಷ್ಟೋ ಕಮ್ಮಿ ಖರ್ಚಿನಲ್ಲಿ ಮುಗಿಯಬಹುದು. "ಹೇಗೂ ಕೀಳಿಸಬೇಕು" ಅನ್ನುವ ಮಾತನ್ನು ಒಬ್ಬರೇ ಡಾಕ್ಟರಿಂದ ಕೇಳಿ ಒಪ್ಪಬೇಡಿ, ಇನ್ನೊಬ್ಬರಿಗೂ ತೋರಿಸಿ.

ಹಲ್ಲು ಆಗಲೇ ಹೋಗಿದ್ದರೆ ಮೂರು ದಾರಿ. ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ ಹಲ್ಲಿನ ಸೆಟ್ ಅತಿ ಅಗ್ಗ, ಒಂದೆರಡು ಹಲ್ಲಿಗಾದರೆ ಕೆಲವು ಸಾವಿರದಲ್ಲಿ ಆಗುತ್ತದೆ. ಬ್ರಿಡ್ಜ್ ಅಂದರೆ ಅಕ್ಕಪಕ್ಕದ ಹಲ್ಲುಗಳನ್ನು ಅರೆದು ಅವುಗಳ ಆಸರೆಯಲ್ಲಿ ಮಧ್ಯದ ಹಲ್ಲನ್ನು ಕಟ್ಟುವುದು. ಒಂದು ಹಲ್ಲು ಹೋಗಿದ್ದರೂ ಮೂರು ಕ್ಯಾಪ್‌ಗೆ ದುಡ್ಡು ಕೊಡಬೇಕಾಗುತ್ತದೆ, ಒಟ್ಟು ಹತ್ತರಿಂದ ಮೂವತ್ತು ಸಾವಿರ. ಅಕ್ಕಪಕ್ಕದ ಹಲ್ಲುಗಳಿಗೆ ಆಗಲೇ ಕ್ಯಾಪ್ ಇದ್ದರೆ ಬ್ರಿಡ್ಜ್ ಒಳ್ಳೆಯ ಆಯ್ಕೆ. ಅವೆರಡೂ ಗಟ್ಟಿಮುಟ್ಟಾಗಿದ್ದರೆ ಒಂದಕ್ಕೋಸ್ಕರ ಎರಡನ್ನು ಅರೆಯುವುದು ನನಗೆ ಸರಿ ಕಾಣುವುದಿಲ್ಲ. ಇಂಪ್ಲಾಂಟ್‌ಗೆ ಅರ್ಥ ಬರುವುದು ಅಲ್ಲೇ.

ಇನ್ನೊಂದು ವಿಷಯ ಯಾರೂ ತಾವಾಗಿ ಹೇಳುವುದಿಲ್ಲ. ಹೋಗಿರುವುದು ಬುದ್ಧಿ ಹಲ್ಲಾಗಿದ್ದರೆ ಏನೂ ಹಾಕಿಸಬೇಕಿಲ್ಲ. ಅದರ ಮುಂದಿನ, ಸಾಲಿನ ಕೊನೆಯ ದವಡೆ ಹಲ್ಲಾಗಿದ್ದರೂ ಎಷ್ಟೋ ಜನರಿಗೆ ಹಾಕಿಸದೆ ನಡೆಯುತ್ತದೆ. "ಇದನ್ನು ಖಾಲಿ ಬಿಟ್ಟರೆ ಏನಾಗುತ್ತೆ?" ಅಂತ ಕೇಳಿ. ಎದುರಿನ ಹಲ್ಲು ಜಾಗ ಬಿಟ್ಟು ಇಳಿಯುತ್ತದೆಯಾ, ಅಗಿಯಲು ಕಷ್ಟವಾಗುತ್ತದಾ ಅಂತ ನೋಡಿ ಅವರು ಹೇಳಬೇಕು. ಈ ಒಂದು ಪ್ರಶ್ನೆಯಿಂದ ಮೂವತ್ತು ನಲವತ್ತು ಸಾವಿರ ಉಳಿಯಬಹುದು.

ಹಂತ 2: ನಿಮ್ಮ ಬಾಯಿ, ನಿಮ್ಮ ಮೈ ತಯಾರಿದೆಯಾ?

ಸಕ್ಕರೆ ಕಾಯಿಲೆ ಇರುವವರು ಹೋಗುವ ಮುಂಚೆಯೇ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಇದು ಹಿಂದಿನ ಮೂರು ತಿಂಗಳ ಸಕ್ಕರೆಯ ಸರಾಸರಿ. ಏಳರ ಆಸುಪಾಸಿನಲ್ಲಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಎಂಟು ದಾಟಿದ್ದರೆ ಸರಿಯಾದ ಡಾಕ್ಟರು "ಮೊದಲು ಇಳಿಸಿಕೊಂಡು ಬನ್ನಿ" ಅನ್ನುತ್ತಾರೆ. ಪರೀಕ್ಷೆಯನ್ನೇ ಕೇಳದೆ ತಾರೀಖು ಕೊಡುವ ಕಡೆ ಸ್ವಲ್ಪ ಯೋಚನೆ ಮಾಡಿ.

ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಅದನ್ನು ಹೃದಯದ ಡಾಕ್ಟರು ತೀರ್ಮಾನಿಸಬೇಕು. ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆ ಅಥವಾ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ತೆಗೆದುಕೊಂಡಿರುವ ಅಮ್ಮಂದಿರು, ಅಜ್ಜಿಯಂದಿರು ಇದನ್ನು ಮರೆಯದೆ ಹೇಳಬೇಕು. ಆ ಔಷಧ ತೆಗೆದುಕೊಂಡವರಲ್ಲಿ ಕೆಲವರಿಗೆ ದವಡೆ ಮೂಳೆಯ ಗಾಯ ಮಾಯುವುದೇ ಇಲ್ಲ. ಎಷ್ಟೋ ಜನ ಅದನ್ನು "ಕ್ಯಾಲ್ಸಿಯಂ ಇಂಜೆಕ್ಷನ್" ಅಂದುಕೊಂಡಿರುತ್ತಾರೆ. ಹಳೆಯ ಚೀಟಿ ತೆಗೆದುಕೊಂಡು ಹೋಗಿ.

ಇನ್ನು ಎಲೆ ಅಡಿಕೆ. ಅಡಿಕೆಯ ನಾಡಿನಲ್ಲಿ ಕೂತು ಈ ಮಾತು ಎತ್ತುವುದು ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಅಂತ ಗೊತ್ತು. ಆದರೂ ದುಡ್ಡು ನಿಮ್ಮದು, ಹಾಗಾಗಿ ಹೇಳಲೇಬೇಕು. ಅಡಿಕೆ, ಅದರಲ್ಲೂ ಹೊಗೆಸೊಪ್ಪು ಅಥವಾ ಗುಟ್ಕಾ ಜೊತೆ ವರ್ಷಾನುಗಟ್ಟಲೆ ಅಗಿದವರಿಗೆ ಕೆನ್ನೆಯ ಒಳಭಾಗ ಬಿಗಿದುಕೊಂಡು ಬಾಯಿ ತೆರೆಯುವುದು ಕಮ್ಮಿಯಾಗುತ್ತದೆ. ಈಗಲೇ ಪರೀಕ್ಷೆ ಮಾಡಿ ನೋಡಿ: ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ನೆಟ್ಟಗೆ ಹಿಡಿದು, ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ಇಡಿ. ಮೂರೂ ಹೋದರೆ ಸರಿ. ಎರಡೇ ಹೋಗುತ್ತವೆ ಅಂದರೆ ಹಿಂದಿನ ದವಡೆಯಲ್ಲಿ ಡ್ರಿಲ್ ಇಳಿಸಲು ಡಾಕ್ಟರಿಗೆ ಜಾಗವೇ ಸಾಲದು. ಆಗ ಇಂಪ್ಲಾಂಟ್ ವಿಷಯ ಪಕ್ಕಕ್ಕಿಟ್ಟು, ಮೊದಲು ಬಾಯಿಯನ್ನೇ ತಪಾಸಣೆ ಮಾಡಿಸಿ. ಜೊತೆಗೆ ಖಾರ ತಾಗಿದರೆ ಉರಿ, ಕೆನ್ನೆಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರಂತೂ ತಡ ಮಾಡಬೇಡಿ.

ಬೀಡಿ, ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಸೋಲುವ ಸಂಭವ ಹೆಚ್ಚು. ವಸಡಿನಲ್ಲಿ ರಕ್ತ, ಕೀವು ಇದ್ದರೆ ಮೊದಲು ಅದರ ಚಿಕಿತ್ಸೆ. ವಸಡಿನ ರೋಗ ಇರುವ ಬಾಯಿಗೆ ಇಂಪ್ಲಾಂಟ್ ಹಾಕಿಸಿದರೆ ಅದೇ ರೋಗ ಸ್ಕ್ರೂ ಸುತ್ತಲೂ ಬರಬಹುದು.

ಹಂತ 3: ಸ್ಕ್ಯಾನ್ ಆಗದೆ ರೇಟು ನಂಬಬೇಡಿ

ಹಲ್ಲು ಕಿತ್ತ ಮೇಲೆ ಆ ಜಾಗದ ಮೂಳೆ ಸವೆಯುತ್ತಾ ಹೋಗುತ್ತದೆ, ಮೊದಲ ವರ್ಷದಲ್ಲೇ ಹೆಚ್ಚು. ಹತ್ತು ವರ್ಷದ ಹಿಂದೆ ಕೀಳಿಸಿ ಸುಮ್ಮನಿದ್ದವರಿಗೂ ಹೋದ ತಿಂಗಳು ಕೀಳಿಸಿದವರಿಗೂ ಖರ್ಚು ಬೇರೆಯಾಗುವುದು ಇದಕ್ಕೇ. ಎಷ್ಟು ಮೂಳೆ ಉಳಿದಿದೆ ಅಂತ ಕಣ್ಣಿಂದ ಹೇಳಲು ಆಗುವುದಿಲ್ಲ.

ಇಡೀ ದವಡೆಯ ಎಕ್ಸ್‌ರೇಗೆ ಓಪಿಜಿ ಅನ್ನುತ್ತಾರೆ, ಕೆಲವು ನೂರು ರೂಪಾಯಿ. ಅದರಲ್ಲಿ ಎತ್ತರ ಕಾಣುತ್ತದೆ, ಅಗಲ ಕಾಣುವುದಿಲ್ಲ. ಅಗಲ, ನರ ಇರುವ ಜಾಗ, ಸೈನಸ್ ಎಲ್ಲ ಕಾಣಬೇಕಾದರೆ ಮೂರು ಆಯಾಮದ ಸ್ಕ್ಯಾನ್ ಬೇಕು. ಅದೇ ಸಿಬಿಸಿಟಿ, ಒಂದೂವರೆಯಿಂದ ನಾಲ್ಕು ಸಾವಿರ. ಕೆಳದವಡೆಯೊಳಗೆ ತುಟಿಗೆ ಹೋಗುವ ನರ ಇದೆ. ಸ್ಕ್ರೂ ಅದಕ್ಕೆ ತಾಗಿದರೆ ತುಟಿ, ಗಲ್ಲ ಜೋಮು ಹಿಡಿದು ಹಾಗೇ ಉಳಿದುಬಿಡಬಹುದು. ಆದ್ದರಿಂದ ಈ ಖರ್ಚಿನಲ್ಲಿ ಜುಗ್ಗತನ ಬೇಡ.

ಸ್ಕ್ಯಾನ್‌ನ ಸಿಡಿ ಅಥವಾ ಫೈಲ್ ನೀವು ದುಡ್ಡು ಕೊಟ್ಟು ಮಾಡಿಸಿದ್ದು. ಕೇಳಿ ಪಡೆಯಿರಿ. ಎರಡನೇ ಅಭಿಪ್ರಾಯಕ್ಕೆ ಹೋದಾಗ ಮತ್ತೆ ಮಾಡಿಸುವುದು ತಪ್ಪುತ್ತದೆ.

ಹಂತ 4: ಎಸ್ಟಿಮೇಟ್ ಬರೆಸಿಕೊಳ್ಳಿ

ಜನ ಮೋಸ ಹೋಗುವುದು ಹೆಚ್ಚಾಗಿ ಇಲ್ಲಿ. ಮೋಸ ಅನ್ನುವುದಕ್ಕಿಂತ, ಕೇಳದೆ ಸುಮ್ಮನಿರುವುದು ಅನ್ನಬೇಕು. ಒಂದು ಉದಾಹರಣೆ ಲೆಕ್ಕ ನೋಡಿ.

ಮೊದಲನೇ ಕ್ಲಿನಿಕ್‌ನ ಚೀಟಿಯಲ್ಲಿ "ಇಂಪ್ಲಾಂಟ್: 18,000" ಅಂತ ಒಂದೇ ಸಾಲು. ಒಂದೊಂದಾಗಿ ಕೇಳುತ್ತಾ ಹೋದರೆ ಉಳಿದದ್ದು ಹೊರಬರುತ್ತದೆ. ಸ್ಕ್ಯಾನ್ 2,500. ವಸಡು ತೆರೆದು ಹೀಲಿಂಗ್ ಕ್ಯಾಪ್ ಹಾಕಲು 2,500. ಅಬಟ್‌ಮೆಂಟ್ 5,000. ಜಿರ್ಕೋನಿಯಾ (ಲೋಹವಿಲ್ಲದ ಗಟ್ಟಿ ಸೆರಾಮಿಕ್) ಕ್ಯಾಪ್ 9,000. ಒಟ್ಟು 37,000. ಎರಡನೇ ಕ್ಲಿನಿಕ್‌ನವರು ಮೊದಲೇ 34,000 ಅಂದಿದ್ದಕ್ಕೆ "ದುಬಾರಿ" ಅಂತ ಎದ್ದು ಬಂದಿರುತ್ತೀರಿ. ಅದರಲ್ಲಿ ಅಬಟ್‌ಮೆಂಟ್, ಅದೇ ಜಿರ್ಕೋನಿಯಾ ಕ್ಯಾಪ್, ಹೀಲಿಂಗ್ ಕ್ಯಾಪ್ ಎಲ್ಲ ಸೇರಿತ್ತು. ಹೊರಗೆ ಸ್ಕ್ಯಾನ್‌ಗೆ 2,000 ಕೊಟ್ಟರೂ 36,000ಕ್ಕೆ ಮುಗಿಯುತ್ತಿತ್ತು.

ಹತ್ತು ಸಾವಿರದ ಒಳಗೆ ಇಂಪ್ಲಾಂಟ್ ಅನ್ನುವ ಜಾಹೀರಾತು ನೋಡಿದರೆ ಅದು ಮೊದಲನೇ ಚೀಟಿಯ ಜಾತಿಯದೇ ಅಂದುಕೊಳ್ಳಿ.

ಚೀಟಿಯಲ್ಲಿ ಇವನ್ನು ಬರೆಸಿ:

ಕಂಪನಿಯ ಹೆಸರು. "ಇಂಪೋರ್ಟೆಡ್" ಅಂತ ಬರೆದರೆ ಸಾಲದು. ಕೊರಿಯಾದ ಓಸ್ಟೆಮ್, ಡೆಂಟಿಯಂ, ಇಸ್ರೇಲಿನ ಆಲ್ಫಾ ಬಯೋ, ಎಡಿನ್, ಸ್ವಿಟ್ಜರ್‌ಲೆಂಡಿನ ಸ್ಟ್ರೌಮನ್, ಸ್ವೀಡನ್ ಮೂಲದ ನೊಬೆಲ್ ಬಯೋಕೇರ್ ಇವೆಲ್ಲ ಇಲ್ಲಿ ಸಿಗುತ್ತವೆ, ಭಾರತದಲ್ಲಿ ತಯಾರಾದವೂ ಇವೆ. ಕೊರಿಯಾ, ಇಸ್ರೇಲ್, ಭಾರತದ್ದಾದರೆ ಕ್ಯಾಪ್ ಸೇರಿ ಒಂದು ಹಲ್ಲಿಗೆ ಸುಮಾರು 25ರಿಂದ 40 ಸಾವಿರ. ಸ್ಟ್ರೌಮನ್, ನೊಬೆಲ್ ಆದರೆ 50ರಿಂದ 80 ಸಾವಿರ. ಮೂಳೆ ಚೆನ್ನಾಗಿದ್ದು ಒಂದೇ ದವಡೆ ಹಲ್ಲಾದರೆ ನಡುಮಟ್ಟದ್ದು ಸಾಕು ಅನ್ನುವುದು ನನ್ನ ಅಭಿಪ್ರಾಯ. ಬ್ರ್ಯಾಂಡ್‌ಗಿಂತ ಹಾಕುವ ಕೈ ಮುಖ್ಯ. ಬ್ರ್ಯಾಂಡ್ ವಿಷಯದಲ್ಲಿ ಕೇಳಬೇಕಾದ್ದು, ಹತ್ತು ವರ್ಷದ ಮೇಲೆ ಒಳಗಿನ ಸ್ಕ್ರೂ ಸಡಿಲವಾದರೆ ಅದೇ ಕಂಪನಿಯ ಬಿಡಿಭಾಗ ಸಿಗುತ್ತದಾ ಅಂತ.

ಅಬಟ್‌ಮೆಂಟ್ ಅದೇ ಕಂಪನಿಯದ್ದಾ, ಬೇರೆ ಕಡೆಯದ್ದಾ. ಕ್ಯಾಪ್ ಮೆಟಲ್ ಸೆರಾಮಿಕ್‌ದಾ (ಒಳಗೆ ಲೋಹ, ಮೇಲೆ ಸೆರಾಮಿಕ್), ಜಿರ್ಕೋನಿಯಾದ್ದಾ. ಕ್ಯಾಪನ್ನು ಅಂಟಿಸುತ್ತಾರಾ, ಸ್ಕ್ರೂನಿಂದ ಕೂರಿಸುತ್ತಾರಾ. ಸ್ಕ್ರೂನಿಂದ ಕೂರಿಸಿದ್ದನ್ನು ಮುಂದೆ ಬಿಚ್ಚಿ ಸರಿಮಾಡುವುದು ಸುಲಭ. ಮುಂದಿನ ಹಲ್ಲಾದರೆ ಅಲ್ಲಿಯವರೆಗೆ ತಾತ್ಕಾಲಿಕ ಹಲ್ಲು ಕೊಡುತ್ತಾರಾ, ಅದಕ್ಕೆ ಬೇರೆ ದುಡ್ಡಾ.

ಮೂಳೆ ತುಂಬಬೇಕಾದರೆ ಅದರ ಮೊತ್ತ ಪ್ರತ್ಯೇಕವಾಗಿರಲಿ. ಸಣ್ಣ ಗ್ರಾಫ್ಟ್‌ಗೆ ಐದು ಹತ್ತು ಸಾವಿರ, ಸೈನಸ್ ಲಿಫ್ಟ್‌ಗೆ ಇಪ್ಪತ್ತರಿಂದ ನಲವತ್ತು ಸಾವಿರದವರೆಗೂ ಹೋಗುತ್ತದೆ. "ಆಪರೇಷನ್ ಹೊತ್ತಿನಲ್ಲಿ ನೋಡೋಣ" ಅಂದರೆ, "ಬೇಕಾದರೆ ಹೆಚ್ಚೆಂದರೆ ಎಷ್ಟು?" ಅಂತ ಬರೆಸಿ. ಅರಿವಳಿಕೆ ಕೊಟ್ಟು ಬಾಯಿ ತೆರೆಸಿ ಮಲಗಿಸಿದ ಮೇಲೆ ಚೌಕಾಸಿ ಮಾಡಲು ಆಗುವುದಿಲ್ಲವಲ್ಲ.

ಮತ್ತೆ, ಸ್ಕ್ರೂ ಮೂಳೆಗೆ ಹಿಡಿಯದೆ ಬಿದ್ದುಹೋದರೆ ಯಾರ ಖರ್ಚು. "ಲೈಫ್‌ಟೈಮ್ ಗ್ಯಾರಂಟಿ" ಅಂತ ದೊಡ್ಡದಾಗಿ ಬರೆದಿದ್ದರೂ ಕಂಪನಿ ಕೊಡುವುದು ಹೆಚ್ಚಾಗಿ ಸ್ಕ್ರೂ ಬದಲಿಗೆ ಸ್ಕ್ರೂ ಮಾತ್ರ. ಡಾಕ್ಟರ ಫೀಸು, ಗ್ರಾಫ್ಟ್, ಹೊಸ ಕ್ಯಾಪ್ ಅದರಲ್ಲಿ ಬರುವುದಿಲ್ಲ. ಹತ್ತು ವರ್ಷದ ಲೆಕ್ಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಂಪ್ಲಾಂಟ್‌ಗಳು ಉಳಿಯುತ್ತವೆ, ಹೆದರಬೇಕಿಲ್ಲ. ಆದರೆ ಉಳಿಯದ ಕೆಲವರಲ್ಲಿ ನೀವಾದರೆ ಏನು ಅನ್ನುವುದು ಮೊದಲೇ ಗೊತ್ತಿರಲಿ.

ಚಿಕಿತ್ಸೆಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ಸೇರಿಸಿದ್ದರೆ ಯಾಕೆ ಅಂತ ಕೇಳಿ.

ಹಲ್ಲೇ ಇಲ್ಲದವರಿಗೆ ಒಂದು ಮಾತು. ಇಡೀ ದವಡೆಗೆ ಒಂದೊಂದು ಹಲ್ಲಿಗೂ ಒಂದೊಂದು ಇಂಪ್ಲಾಂಟ್ ಬೇಕಿಲ್ಲ. ಕೆಳದವಡೆಗೆ ಎರಡೇ ಇಂಪ್ಲಾಂಟ್ ಹಾಕಿ, ಸೆಟ್ಟನ್ನು ಅದರ ಮೇಲೆ ಗುಂಡಿಯಂತೆ ಕಚ್ಚಿಸುವ ವಿಧಾನ ಇದೆ, ಅರವತ್ತು ಸಾವಿರದಿಂದ ಹಿಡಿದು ಒಂದು ಲಕ್ಷದ ಮೇಲೂ ಆಗುತ್ತದೆ. ಸಡಿಲ ಸೆಟ್ಟಿನಿಂದ ಬೇಸತ್ತವರಿಗೆ ಇದು ತುಂಬಾ ಉಪಯೋಗ. ನಾಲ್ಕು ಇಂಪ್ಲಾಂಟ್ ಮೇಲೆ ಕಾಯಂ ಹಲ್ಲು ಕೂರಿಸುವ "ಆಲ್ ಆನ್ ಫೋರ್"ಗೆ ಒಂದು ದವಡೆಗೆ ಎರಡರಿಂದ ನಾಲ್ಕು ಲಕ್ಷ. "ಮೂರೇ ದಿನದಲ್ಲಿ ಹಲ್ಲು" ಅನ್ನುವವರ ಹತ್ತಿರ, ನನ್ನ ಮೂಳೆಗೆ ಅದು ಹೊಂದುತ್ತದೆ ಅನ್ನಲು ಸ್ಕ್ಯಾನ್‌ನಲ್ಲಿ ಏನು ನೋಡಿದಿರಿ ಅಂತ ಕೇಳಿ.

ಹಂತ 5: ಎಲ್ಲಿ ಮಾಡಿಸುವುದು

ದುಡ್ಡು ಉಳಿಸಬೇಕು, ಸಮಯ ಇದೆ ಅನ್ನುವವರು ದಂತ ಕಾಲೇಜು ನೋಡಿ. ಶಿವಮೊಗ್ಗದಲ್ಲೇ ಶರಾವತಿ ದಂತ ಕಾಲೇಜು ಇದೆ. ದಾವಣಗೆರೆಯಲ್ಲಿ ಬಾಪೂಜಿ ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡಿವೆ. ಘಟ್ಟದ ಕೆಳಗೆ ಮಣಿಪಾಲ, ಮಂಗಳೂರು. ಕಾಲೇಜುಗಳಲ್ಲಿ ಎಂಡಿಎಸ್ (ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ) ಓದುತ್ತಿರುವವರು ಅಧ್ಯಾಪಕರ ಕಣ್ಣೆದುರು ಕೆಲಸ ಮಾಡುತ್ತಾರೆ. ಖರ್ಚು ಕಮ್ಮಿ, ಓಡಾಟ ಜಾಸ್ತಿ. ಮಣಿಪಾಲ್ ಆರೋಗ್ಯ ಕಾರ್ಡ್ ಇರುವವರು ಅದರ ರಿಯಾಯಿತಿ ಇಂಪ್ಲಾಂಟ್‌ಗೂ ಅನ್ವಯಿಸುತ್ತದಾ ಅಂತ ಕೌಂಟರ್‌ನಲ್ಲೇ ಕೇಳಿ.

ಓಡಾಟದ ಖರ್ಚನ್ನೂ ಹಾಕಿ. ಒಂದು ಇಂಪ್ಲಾಂಟ್‌ಗೆ ಐದಾರು ಸಲವಾದರೂ ಹೋಗಬೇಕು. ಹೊಸನಗರದಿಂದ ಬೆಂಗಳೂರಿಗೆ ಅಷ್ಟು ಸಲ ಇಬ್ಬರು ಹೋಗಿ ಬಂದರೆ ಅಲ್ಲಿ ಉಳಿಸಿದ್ದು ಬಸ್ಸಿಗೂ ಊಟಕ್ಕೂ ಹೋಗುತ್ತದೆ.

ತಾಲ್ಲೂಕು ಕೇಂದ್ರದ ಕ್ಲಿನಿಕ್‌ಗಳಲ್ಲಿ ಇಂಪ್ಲಾಂಟ್ ಹಾಕುವ ತಜ್ಞರು ಎಷ್ಟೋ ಸಲ ಹೊರಗಿನಿಂದ ಗೊತ್ತಾದ ದಿನ ಮಾತ್ರ ಬರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ರಾತ್ರಿ ರಕ್ತ ನಿಲ್ಲದಿದ್ದರೆ, ನಾಲ್ಕನೇ ದಿನ ಮುಖ ಊದಿಕೊಂಡರೆ ನೋಡುವವರು ಯಾರು, ಅವರ ಫೋನ್ ನಂಬರ್ ಏನು ಅಂತ ಕೇಳಿ. ಹಾಕುವವರ ವಿದ್ಯಾರ್ಹತೆ, ರಾಜ್ಯ ದಂತ ಮಂಡಳಿಯ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಖಾಸಗಿ ಕ್ಲಿನಿಕ್‌ಗಳು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು, ಆ ಪ್ರಮಾಣಪತ್ರ ಗೋಡೆಯ ಮೇಲೆ ಕಾಣಬೇಕು.

ಹಂತ 6: ದುಡ್ಡು, ಮತ್ತು ಯಾವ ತಿಂಗಳು

ಆಯುಷ್ಮಾನ್ ಕಾರ್ಡ್, ಯಶಸ್ವಿನಿ ನೆಚ್ಚಿಕೊಂಡು ಲೆಕ್ಕ ಹಾಕಬೇಡಿ. ಖಾಸಗಿ ಆರೋಗ್ಯ ವಿಮೆಗಳೂ ಅಪಘಾತದ ಗಾಯ ಬಿಟ್ಟರೆ ಹಲ್ಲಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಬಿಪಿಎಲ್ ಕುಟುಂಬದ, ಹಲ್ಲೆಲ್ಲ ಹೋಗಿರುವ ಹಿರಿಯರಿಗೆ ರಾಜ್ಯ ಸರ್ಕಾರ ತಂದ ದಂತ ಭಾಗ್ಯ ಯೋಜನೆ ಉಚಿತ ಸೆಟ್‌ಗೆ, ಇಂಪ್ಲಾಂಟ್‌ಗಲ್ಲ. ಅದರ ಬಗ್ಗೆ ಮೆಗ್ಗಾನ್ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಪೂರ್ತಿ ದುಡ್ಡು ಮೊದಲೇ ಕಟ್ಟಬೇಡಿ. ಸ್ಕ್ರೂ ಹಾಕಿದ ದಿನ ಒಂದು ಭಾಗ, ಕ್ಯಾಪ್‌ಗೆ ಅಳತೆ ಕೊಡುವಾಗ ಒಂದು ಭಾಗ, ಕ್ಯಾಪ್ ಕೂತ ಮೇಲೆ ಉಳಿದದ್ದು ಅಂತ ಮಾತಾಡಿಕೊಳ್ಳಿ. ಇಎಂಐ ಕೊಡುತ್ತೇವೆ ಅನ್ನುವ ಕಡೆ, ಸಾಲದ ಕಂಪನಿ ಸಾಮಾನ್ಯವಾಗಿ ಇಡೀ ಮೊತ್ತವನ್ನು ಕ್ಲಿನಿಕ್‌ಗೆ ಒಟ್ಟಿಗೇ ಕೊಟ್ಟಿರುತ್ತದೆ. ಅರ್ಧಕ್ಕೆ ಚಿಕಿತ್ಸೆ ನಿಂತರೂ ನಿಮ್ಮ ಕಂತು ನಿಲ್ಲುವುದಿಲ್ಲ.

ಸ್ಕ್ರೂ ಮೂಳೆಗೆ ಹಿಡಿಯಲು ಕೆಳದವಡೆಯಲ್ಲಿ ಮೂರು ನಾಲ್ಕು ತಿಂಗಳು, ಮೇಲಿನದರಲ್ಲಿ ನಾಲ್ಕರಿಂದ ಆರು ತಿಂಗಳು ಬೇಕು. ಮಲೆನಾಡಿನವರಿಗೆ ಇದು ಅನುಕೂಲವೇ. ಮಳೆ ಹಿಡಿಯುವ ಮುಂಚೆ, ಏಪ್ರಿಲ್ ಮೇನಲ್ಲಿ ಸ್ಕ್ರೂ ಹಾಕಿಸಿ ಹೊಲಿಗೆ ಬಿಚ್ಚಿಸಿಕೊಂಡು ಬಂದರೆ ಮಳೆಗಾಲದಲ್ಲಿ ಘಟ್ಟ ಇಳಿದು ಹತ್ತುವ ಕೆಲಸ ಇರುವುದಿಲ್ಲ. ದೀಪಾವಳಿ ಹೊತ್ತಿಗೆ ಕ್ಯಾಪ್ ಹಾಕಿಸಬಹುದು, ಅಡಿಕೆ ಕೊಯ್ಲಿನ ದುಡ್ಡು ಬರುವವರಿಗೆ ಎರಡನೇ ಕಂತೂ ಸಲೀಸು. ತೊಡಕು ಒಂದೇ, ಏಪ್ರಿಲ್ ಮೇ ಮದುವೆಯ ಕಾಲ. ಹಾಕಿಸಿದ ಮೇಲೆ ಒಂದೆರಡು ವಾರ ಗಂಜಿ, ಮೆತ್ತಗಿನ ಅನ್ನವೇ ಗತಿ. ಹತ್ತಿರದ ನೆಂಟರ ಮದುವೆಯ ತಾರೀಖು ನೋಡಿಕೊಳ್ಳಿ.

ಹಂತ 7: ಹಾಕಿಸುವ ದಿನ, ಆಮೇಲೆ

ಒಂದು ಹಲ್ಲಿನ ಕೆಲಸ ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಹೊಟ್ಟೆ ತುಂಬ ತಿಂದು ಹೋಗಿ, ಬಿಪಿ ಮಾತ್ರೆ ಬಿಡಬೇಡಿ. ಮೊದಲ ದಿನ ಹೊರಗಿನಿಂದ ಐಸ್ ಇಡಿ, ಜೋರಾಗಿ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ. ಕವಳ ಹಾಕುವವರಿಗೆ ಉಗುಳದೆ ಇರುವುದೇ ಕಷ್ಟ, ಹಾಗಾಗಿ ಹಾಕಲೇಬೇಡಿ. ಹೊಲಿಗೆ ಏಳರಿಂದ ಹತ್ತು ದಿನಕ್ಕೆ ಬಿಚ್ಚುತ್ತಾರೆ. ಎರಡು ಮೂರು ದಿನ ಊತ ಇರುವುದು ಸಹಜ. ನಾಲ್ಕನೇ ದಿನದ ಮೇಲೆ ನೋವು ಹೆಚ್ಚುತ್ತಾ ಹೋದರೆ, ಕೀವು ಬಂದರೆ, ಮರುದಿನವೂ ತುಟಿ ಜೋಮು ಬಿಡದಿದ್ದರೆ ಕೂಡಲೇ ಫೋನ್ ಮಾಡಿ.

ಕ್ಯಾಪ್ ಕೂರಿಸಿದ ದಿನ ಎಕ್ಸ್‌ರೇ ತೆಗೆಸಿ, ಸಂದಿ ಇಲ್ಲದೆ ಕೂತಿದೆಯಾ ಅಂತ ತೋರಿಸಲು ಹೇಳಿ. ಕಚ್ಚಿದಾಗ ಆ ಹಲ್ಲೇ ಮೊದಲು ತಾಗಿದರೆ ಅಲ್ಲೇ ಹೇಳಿ ಸರಿಮಾಡಿಸಿ. "ಆಮೇಲೆ ಒಗ್ಗುತ್ತೆ" ಅನ್ನುವುದು ಸ್ವಂತ ಹಲ್ಲಿಗೆ ಸ್ವಲ್ಪ ಮಟ್ಟಿಗೆ ನಿಜ, ಇಂಪ್ಲಾಂಟ್‌ಗಲ್ಲ. ಅದು ಮೂಳೆಗೆ ಬಿಗಿದು ಕೂತಿರುತ್ತದೆ, ಅಲುಗಾಡಿ ಹೊಂದಿಕೊಳ್ಳುವುದಿಲ್ಲ.

ಇಂಪ್ಲಾಂಟ್‌ಗೆ ಹುಳುಕು ಹಿಡಿಯುವುದಿಲ್ಲ, ಆದರೆ ಸುತ್ತಲಿನ ವಸಡಿಗೆ ಸೋಂಕು ತಗಲುತ್ತದೆ. ದಿನಕ್ಕೆ ಎರಡು ಸಲ ಬ್ರಷ್, ಸಂದಿಗೆ ಚಿಕ್ಕ ಬ್ರಷ್, ವರ್ಷಕ್ಕೊಮ್ಮೆ ಕ್ಲೀನಿಂಗ್ ಮತ್ತು ತಪಾಸಣೆ. ವರ್ಷಕ್ಕೆ ಒಂದೆರಡು ಸಾವಿರ ಅದಕ್ಕೂ ಎತ್ತಿಡಿ. ಆ ಹಲ್ಲಿನಿಂದ ಗೋಟಡಿಕೆ ಒಡೆಯಬೇಡಿ, ಕ್ಯಾಪ್ ಚಕ್ಕೆ ಎದ್ದರೆ ಹೊಸದಕ್ಕೆ ಮತ್ತೆ ಎಂಟು ಹತ್ತು ಸಾವಿರ.

ಸ್ಕ್ರೂ ಬಂದ ಡಬ್ಬಿಯ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕಂಪನಿ, ಅಳತೆ, ಲಾಟ್ ನಂಬರ್ ಎಲ್ಲ ಅದರಲ್ಲಿದೆ. ಅದನ್ನು ಕಾರ್ಡಿಗೆ ಅಂಟಿಸಿಕೊಡಲು ಹೇಳಿ, ಮೊಬೈಲ್‌ನಲ್ಲಿ ಫೋಟೋ ತೆಗೆದು ಮಕ್ಕಳಿಗೂ ಕಳಿಸಿಡಿ. ಮುಂದೆಂದೋ ಹಾಕಿದ ಡಾಕ್ಟರು ಊರು ಬಿಟ್ಟಿದ್ದರೆ, ಹೊಸ ಡಾಕ್ಟರು ಯಾವ ಸ್ಕ್ರೂಗೆ ಯಾವ ಡ್ರೈವರ್ ಹಾಕಬೇಕು ಅಂತ ತಿಳಿಯುವುದು ಆ ಸ್ಟಿಕ್ಕರ್‌ನಿಂದಲೇ.